ಡಿಸ್ಪ್ಯಾಚ್: ಒಂದು ಕಚೇರಿ ಪದದ ಅರ್ಥ ಮತ್ತು ಚರಿತ್ರೆ

ಡಿಸ್ಪ್ಯಾಚ್: ಸರ್ಕಾರಗಳ, ಸೇನೆಗಳ, ರಾಯಭಾರ ಕಚೇರಿಗಳ ನಡುವೆ ಓಡಾಡುವ ಅಧಿಕೃತ ಲಿಖಿತ ಸಂದೇಶಕ್ಕೆ ಇಂಗ್ಲಿಷಿನಲ್ಲಿರುವ ಹೆಸರು. ಹೀಗೆ ಸಂದೇಶ ಕಳಿಸುವ ಕೆಲಸಕ್ಕೂ ಅದೇ ಹೆಸರು. ದೂರದಿಂದ ಪತ್ರಿಕೆಗೆ ಬರುವ ವರದಿ, ಸರಕು ಸಾಗಣೆ, ಕೆಲಸವನ್ನು ಚುರುಕಾಗಿ ಮುಗಿಸುವುದು, ಕೊಲ್ಲುವುದು ಇವೂ ಅದರ ಅರ್ಥಗಳೇ. ಕನ್ನಡದ ಕಚೇರಿಗಳಲ್ಲಿ ಈ ಪದ ಓಲೆಯ ಹೆಸರಾಗಿ ನಿಲ್ಲಲಿಲ್ಲ. ಓಲೆ ಹೊಸ್ತಿಲು ದಾಟುವ ಗಳಿಗೆಯ ಹೆಸರಾಗಿ ನಿಂತಿತು. ಯಲಹಂಕದ ತಾಲ್ಲೂಕು ಕಚೇರಿಗೆ ಅರ್ಜಿಯ ಬೆನ್ನುಹತ್ತಿ ಬಂದ ರೈತ ‘ಸಹಿ ಆಯ್ತಾ?’ ಎಂದು ಕೇಳುತ್ತಾನೆ. ಆಯ್ತು ಎಂದ ಮೇಲೆ ಅವನ ಮುಂದಿನ ಪ್ರಶ್ನೆ ‘ಡಿಸ್ಪ್ಯಾಚ್ ಆಯ್ತಾ?’ ಎಂಬುದು. ಆ ಎರಡು ಪ್ರಶ್ನೆಗಳ ನಡುವೆ ಎಷ್ಟು ದಿನ ಕಳೆಯಬಹುದು ಎಂಬುದು ಅವನಿಗೆ ಗೊತ್ತು. ಅದಕ್ಕೇ ಅವನಿಗೆ ಎರಡು ಬೇರೆ ಬೇರೆ ಪದ ಬೇಕಾಯಿತು.

ಇಂಗ್ಲಿಷಿಗೆ ಈ ಪದ 16ನೇ ಶತಮಾನದ ಆರಂಭದಲ್ಲಿ ಬಂತು. ಸ್ಪ್ಯಾನಿಷಿನ ‘ದೆಸ್ಪಾಚಾರ್’, ಇಟಾಲಿಯನ್ನಿನ ‘ದಿಸ್ಪಾಚಾರೆ’ ಎಂಬ ಕ್ರಿಯಾಪದಗಳು ಇದರ ಹತ್ತಿರದ ನಂಟರು. ಸಿಕ್ಕು ಬಿಡಿಸಿ ಬಿಡುವುದು, ತಡೆ ತೆಗೆದು ಸಾಗಿಸುವುದು ಎಂಬುದು ಅವುಗಳ ಭಾವ. ಹಾಗಾಗಿ ಪದದ ಹುಟ್ಟಿನಲ್ಲೇ ಅವಸರ ಸೇರಿಕೊಂಡಿದೆ. ಕೊಲ್ಲು ಎಂಬ ಅರ್ಥ ಬಂದದ್ದೂ ಈ ದಾರಿಯಲ್ಲೇ. ಕನ್ನಡಿಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಸಾಗಹಾಕು’ ಎಂದರೆ ಸಾಮಾನು ಕಳಿಸುವುದೂ ಹೌದು, ಬೇಡದವನನ್ನು ತೊಲಗಿಸುವುದೂ ಹೌದು; ‘ಕೈಲಾಸಕ್ಕೆ ಕಳಿಸಿದ’ ಎಂದರೆ ಏನೆಂದು ಮಕ್ಕಳಿಗೂ ಗೊತ್ತು. ಕಳಿಸುವುದು, ಮುಗಿಸುವುದು, ತೀರಿಸುವುದು ಎರಡೂ ಭಾಷೆಯಲ್ಲಿ ಒಂದೇ ಜಾಡಿನಲ್ಲಿ ನಡೆದಿವೆ.

ಪದದ ಕಾಗುಣಿತದಲ್ಲಿ ಒಂದು ಗೊಂದಲ ಇಂದಿಗೂ ಉಳಿದಿದೆ. ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲಿ ಇದನ್ನು ‘ಡೆ’ಕಾರದಿಂದ ‘ಡೆಸ್ಪ್ಯಾಚ್’ ಎಂದು ನಮೂದಿಸಿದ. ಅಲ್ಲಿಯವರೆಗೆ ಬಳಕೆಯಲ್ಲಿದ್ದದ್ದು ‘ಡಿ’ಕಾರ, ಜಾನ್ಸನ್ ತನ್ನ ಬರಹಗಳಲ್ಲಿ ಬಳಸುತ್ತಿದ್ದದ್ದೂ ಅದನ್ನೇ. ನಿಘಂಟಿನ ಅಧಿಕಾರ ದೊಡ್ಡದು. ಎರಡು ರೂಪಗಳೂ ಜೊತೆಜೊತೆಯಾಗಿ ಬೆಳೆದವು. ಮೈಸೂರಿನ ಚರಿತ್ರೆ ಓದುವವರಿಗೆ ಇದು ಒಂದೇ ಮನೆಯ ಇಬ್ಬರು ಅಣ್ಣತಮ್ಮಂದಿರ ಪುಸ್ತಕಗಳಲ್ಲಿ ಎದುರಾಗುತ್ತದೆ. 1799ರಲ್ಲಿ ಶ್ರೀರಂಗಪಟ್ಟಣದ ಮೇಲೆ ಯುದ್ಧ ಹೂಡಿದ ಗವರ್ನರ್ ಜನರಲ್ ಮಾರ್ಕ್ವಿಸ್ ವೆಲ್ಲೆಸ್ಲಿಯ ಪತ್ರಗಳನ್ನು ಮಾಂಟ್ಗೊಮೆರಿ ಮಾರ್ಟಿನ್ 1836ರಿಂದ ಅಚ್ಚು ಹಾಕಿಸಿದ. ಅದರ ತಲೆಬರಹದಲ್ಲಿ ‘ಡೆ’ಕಾರ. ಆ ಯುದ್ಧದ ನಂತರ ಶ್ರೀರಂಗಪಟ್ಟಣದಲ್ಲಿ ಸೇನಾಧಿಪತ್ಯ ವಹಿಸಿದ ತಮ್ಮ ಆರ್ಥರ್ ವೆಲ್ಲೆಸ್ಲಿ ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆದ. ಅವನ ಪತ್ರಗಳನ್ನು ಜಾನ್ ಗರ್ವುಡ್ 1834ರಿಂದ ಹೊರತಂದ, ಅದರಲ್ಲಿ ‘ಡಿ’ಕಾರ. ಬಂಡಾಯಗಾರ ಧೋಂಡಿಯಾ ವಾಘನನ್ನು ಬೆನ್ನಟ್ಟಿ 1800ರ ಸೆಪ್ಟೆಂಬರಿನಲ್ಲಿ ಕೊನೆಗಾಣಿಸಿದ ದಂಡಯಾತ್ರೆಯ ವಿವರಗಳೆಲ್ಲ ಈ ಸಂಪುಟಗಳಲ್ಲಿವೆ. ಎತ್ತು, ಅಕ್ಕಿ, ಹೊಳೆ ದಾಟುವ ಹರಿಗೋಲು, ಬಂಜಾರರ ಹೇರುಗಳ ಲೆಕ್ಕಗಳನ್ನು ಇಷ್ಟು ವಿವರವಾಗಿ ಬರೆದ ಸೇನಾಪತಿಗಳು ಕಡಿಮೆ. ಉತ್ತರ ಕರ್ನಾಟಕದ ಆ ಕಾಲದ ರಸ್ತೆ, ಮಳೆ, ದವಸಗಳ ಸ್ಥಿತಿ ತಿಳಿಯಲು ಇಂದಿಗೂ ಅವು ಒಳ್ಳೆಯ ಆಕರಗಳು.

ಇಂಗ್ಲಿಷಿನ ಪದ ಬರುವ ಮೊದಲು ಕನ್ನಡ ನಾಡಿನಲ್ಲಿ ಸರ್ಕಾರಿ ಸಂದೇಶಗಳಿಗೆ ಹೆಸರಿನ ಕೊರತೆ ಇರಲಿಲ್ಲ. ಆದರೆ ಕನ್ನಡ ಎಣಿಸಿದ ಬಗೆಯೇ ಬೇರೆ. ಇಂಗ್ಲಿಷ್ ಪದ ಕಳಿಸುವ ಕ್ರಿಯೆಯನ್ನು ನೋಡಿ ಹೆಸರಿಟ್ಟಿತು; ಕನ್ನಡ ಯಾರು ಯಾರಿಗೆ ಹೇಳುತ್ತಾರೆ ಎಂಬುದನ್ನು ನೋಡಿ ಹೆಸರಿಟ್ಟಿತು. ಮೇಲಿನಿಂದ ಕೆಳಗೆ ಇಳಿದರೆ ಅದು ನಿರೂಪ. ಕೆಳಗಿನಿಂದ ಮೇಲಕ್ಕೆ ಹೋದರೆ ಬಿನ್ನಹ, ಅರಿಕೆ. ಅರಸನ ಪರವಾಗಿ ಬರೆಯುವ ಬರವಣಿಗೆ ರಾಯಸ. ಬರೆಯುವವನಿಗೂ ಅದೇ ಹೆಸರಾಗಿ, ಮನೆತನದ ಹೆಸರಾಗಿಯೂ ಉಳಿಯಿತು. ಪರ್ಷಿಯನ್ ಮತ್ತು ಮರಾಠಿಯ ಮೂಲಕ ಹುಕುಂ, ತಾಕೀತು, ಪರವಾನೆ, ಸನ್ನದು, ಯಾದಿ ಬಂದಾಗಲೂ ಈ ಮೇಲು ಕೆಳಗಿನ ಎಣಿಕೆ ಅಳಿಯಲಿಲ್ಲ. ತಾಕೀತು ಕೆಳಗಿನವನಿಗೇ ಹೋಗಬೇಕು. ಮೇಲಧಿಕಾರಿಗೆ ತಾಕೀತು ಕಳಿಸಿದ ಗುಮಾಸ್ತನನ್ನು ಯಾವ ಕಾಲವೂ ಕಂಡಿಲ್ಲ.

ಬೆಂಗಳೂರಿನ ಉತ್ತರ ಭಾಗ ಈ ಹಳೆಯ ವ್ಯವಹಾರಕ್ಕೆ ತಕ್ಕ ಸಾಕ್ಷಿ. ಇಂದಿನ ಯಲಹಂಕ ಚೋಳರ ಕಾಲದ ತಮಿಳು ಶಾಸನಗಳಲ್ಲಿ ಇಲೈಪಾಕ್ಕ ನಾಡು ಎಂದು ಕಾಣುತ್ತದೆ. ಹೊಯ್ಸಳರ ಕಾಲಕ್ಕೂ ಅದೊಂದು ನಾಡಿನ ಹೆಸರಾಗಿತ್ತು. ಹೊಯ್ಸಳ ಮೂರನೆಯ ವೀರಬಲ್ಲಾಳ 1301ರಲ್ಲಿ ಈ ಸೀಮೆಯ ದೇವಸ್ಥಾನ, ಮಠಗಳ ಮೇಲಿದ್ದ ತೆರಿಗೆಗಳನ್ನು ಬಿಟ್ಟುಕೊಟ್ಟು ಆದೇಶ ಹೊರಡಿಸಿದ. ಬೆಂಗಳೂರು, ಕೋಲಾರ ಕಡೆಯ ಹಲವು ದೇವಾಲಯಗಳಲ್ಲಿ ಹೆಚ್ಚುಕಡಿಮೆ ಒಂದೇ ಒಕ್ಕಣೆಯಲ್ಲಿ ಅದು ಕಲ್ಲಿನ ಮೇಲೆ ಸಿಗುತ್ತದೆ. ಒಂದೇ ಪಠ್ಯ, ಹಲವು ವಿಳಾಸ: ಇಂದಿನ ಕಚೇರಿ ಇದನ್ನೇ ಸುತ್ತೋಲೆ ಎನ್ನುತ್ತದೆ. ಅಂದು ಓಲೆಗರಿಯಲ್ಲಿ ಬಂದ ಪ್ರತಿ ಎಂದೋ ಮಣ್ಣಾಯಿತು. ಪಡೆದವರು ಕಲ್ಲಿನಲ್ಲಿ ಕಂಡರಿಸಿಟ್ಟುಕೊಂಡ ಪ್ರತಿ ಉಳಿಯಿತು. ಶಾಸನಗಳನ್ನು ದಾನಪತ್ರ ಎಂದಷ್ಟೇ ಓದುವ ರೂಢಿ ನಮ್ಮಲ್ಲಿದೆ. ಅವುಗಳಲ್ಲಿ ಎಷ್ಟೋ ಅರಮನೆಯಿಂದ ಊರಿಗೆ ತಲುಪಿದ ಪತ್ರದ ಸ್ವೀಕೃತಿಗಳು ಎಂದು ಓದಿದರೆ, ಆ ಕಾಲದ ಆಡಳಿತ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಮೈಸೂರು ಸಂಸ್ಥಾನದಲ್ಲಿ ಸಂದೇಶದ ಕೆಲಸ ಒಂದು ಇಲಾಖೆಯ ರೂಪ ಪಡೆದದ್ದು ಚಿಕ್ಕದೇವರಾಜ ಒಡೆಯರ ಕಾಲದಲ್ಲಿ. ಅವರು ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿದರು. ‘ಅಠಾರಾ ಕಚೇರಿ’ ಎಂಬ ಹೆಸರಿನ ಮೂಲ ಇದು. ಬೆಂಗಳೂರಿನ ಹೈಕೋರ್ಟಿನ ಕೆಂಪು ಕಟ್ಟಡಕ್ಕೂ ಆ ಹೆಸರು ಅಂಟಿಕೊಂಡಿದೆ. ಆ ಹದಿನೆಂಟರ ಪಟ್ಟಿಯಲ್ಲಿ ಮೊದಲಿಗೆ ಬರುವುದು ನಿರೂಪದ ಚಾವಡಿ. ಖಜಾನೆಗಿಂತ, ದಂಡಿಗಿಂತ ಮೊದಲು ಓಲೆಯ ಚಾವಡಿಯನ್ನು ಎಣಿಸಿದ್ದು ಗಮನಿಸಬೇಕಾದ ಸಂಗತಿ. ಓಲೆ ಹೊರುವುದಕ್ಕೆ ಅಂಚೆಯ ವ್ಯವಸ್ಥೆಯನ್ನು ನೆಲೆಗೊಳಿಸಿದ ಕೀರ್ತಿಯೂ ಚಿಕ್ಕದೇವರಾಜರದೇ. ಹೈದರನೂ ಟಿಪ್ಪುವೂ ಅಂಚೆಯನ್ನು ಸುದ್ದಿ ತರುವ ಕಣ್ಣು ಕಿವಿಯಾಗಿ ಬಳಸಿದರು. ದಿವಾನ್ ಪೂರ್ಣಯ್ಯನವರ ಕಾಲದಲ್ಲೂ ಅದು ಬೆಳೆಯಿತು. ಬ್ರಿಟಿಷರು ತಮ್ಮದೇ ಅಂಚೆ ಹೂಡಿದ ಮೇಲೂ ಮೈಸೂರು ಅಂಚೆ ಬೇರೆಯಾಗಿಯೇ ಓಡಾಡುತ್ತಿತ್ತು. 1889ರಲ್ಲಿ ಭಾರತದ ಅಂಚೆಯಲ್ಲಿ ವಿಲೀನವಾಯಿತು. ಇಲಾಖೆ ಹೋದರೂ ಪದ ಹೋಗಲಿಲ್ಲ. ದೇಶದ ಬಹುಭಾಗ ‘ಡಾಕ್’ ಎನ್ನುವಾಗ ಕನ್ನಡ ಇಂದಿಗೂ ಅಂಚೆ ಎನ್ನುತ್ತದೆ.

ಆ ಓಲೆ ಹೊತ್ತು ಓಡುತ್ತಿದ್ದವನು ಹರಿಕಾರ, ಪರ್ಷಿಯನ್ನಿನ ‘ಹರ್ಕಾರಾ’. ಎಲ್ಲ ಕೆಲಸ ಮಾಡುವವನು ಎಂಬುದು ಅದರ ಅಕ್ಷರಾರ್ಥ. ಕನ್ನಡದಲ್ಲಿ ಈ ಪದಕ್ಕೆ ಬಂದ ಭಾಗ್ಯ ಬೇರೆ ಯಾವ ಕಚೇರಿ ಪದಕ್ಕೂ ಬಂದಿಲ್ಲ. ಇಂದು ‘ಸಾಮಾಜಿಕ ನ್ಯಾಯದ ಹರಿಕಾರ’ ಎಂದರೆ ಹೊಸ ಯುಗ ತಂದ ನಾಯಕ. ಸುದ್ದಿ ಹೊತ್ತು ತರುತ್ತಿದ್ದ ಕಾಲಾಳು ಸುದ್ದಿಯನ್ನೇ ಸೃಷ್ಟಿಸಿದವನಾಗಿ ಮೇಲೇರಿದ.

ಈಸ್ಟ್ ಇಂಡಿಯಾ ಕಂಪನಿಯ ಆಡಳಿತದಲ್ಲಿ ಡಿಸ್ಪ್ಯಾಚ್ ಎಂಬುದಕ್ಕೆ ಖಚಿತವಾದ ಅರ್ಥವಿತ್ತು. ಲಂಡನ್ನಿನ ನಿರ್ದೇಶಕ ಮಂಡಳಿಯಿಂದ ಕಲ್ಕತ್ತ, ಮದರಾಸು, ಮುಂಬಯಿ ಸರ್ಕಾರಗಳಿಗೆ ಬರುವ ಸೂಚನಾ ಪತ್ರ ಅದು. ಪ್ರತಿ ಪರಿಚ್ಛೇದಕ್ಕೂ ಸಂಖ್ಯೆ. ಉತ್ತರ ಬರೆಯುವವನು ಆ ಸಂಖ್ಯೆಗಳನ್ನೇ ಹಿಡಿದು ಒಂದೊಂದಕ್ಕೂ ಸಮಜಾಯಿಷಿ ಕೊಡಬೇಕು. 1784ರ ಕಾಯ್ದೆಯ ಮೇಲೆ ಕರಡುಗಳನ್ನು ಬೋರ್ಡ್ ಆಫ್ ಕಂಟ್ರೋಲ್ ತಿದ್ದುತ್ತಿತ್ತು. ಹಡಗು ಆಫ್ರಿಕದ ತುದಿ ಸುತ್ತಿ ಬರಬೇಕಾಗಿದ್ದ ಕಾಲದಲ್ಲಿ ಒಂದು ಪ್ರಶ್ನೆಗೆ ಉತ್ತರ ಸಿಗಲು ವರ್ಷ ಹಿಡಿಯುತ್ತಿತ್ತು. 1791ರ ಮಾರ್ಚಿ 21ರ ರಾತ್ರಿ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದ. ಆ ಸುದ್ದಿ ಲಂಡನ್ ತಲುಪುವ ಹೊತ್ತಿಗೆ ಅವನು ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಸಾಗಿ ನಿಜಾಮನ ಸವಾರರನ್ನು ಕೂಡಿಕೊಂಡು, ಶ್ರೀರಂಗಪಟ್ಟಣದವರೆಗೆ ಹೋಗಿ, ದನಗಳು ಸತ್ತು ಬಂಡಿ ಎಳೆಯಲಾಗದೆ ಹಿಂದಿರುಗಿಯೂ ಆಗಿತ್ತು. ದೂರದ ಒಡೆಯನಿಗೆ ಗೊತ್ತಾಗುವ ಮೊದಲೇ ಇಲ್ಲಿ ಎಲ್ಲವೂ ನಡೆದುಹೋಗಿರುತ್ತಿತ್ತು. ಹೀಗಾಗಿ ಆ ಪತ್ರಗಳಲ್ಲಿ ಆದೇಶಕ್ಕಿಂತ ನಡೆದದ್ದರ ವಿಮರ್ಶೆಯೇ ಹೆಚ್ಚು. ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ 1823ರಿಂದ 1858ರವರೆಗೆ ಕಂಪನಿಯ ಲಂಡನ್ ಕಚೇರಿಯಲ್ಲಿ ಕೂತು ಮಾಡಿದ ಕೆಲಸ ಇದೇ. ದೇಶೀ ಸಂಸ್ಥಾನಗಳ ಬಗ್ಗೆ ಸಾವಿರಕ್ಕೂ ಹೆಚ್ಚು ಡಿಸ್ಪ್ಯಾಚುಗಳನ್ನು ಅವನು ಕರಡು ಬರೆದ. ಭಾರತದ ನೆಲವನ್ನು ಅವನು ಎಂದೂ ತುಳಿದವನಲ್ಲ.

ಕರ್ನಾಟಕದ ಬಿ.ಎಡ್. ವಿದ್ಯಾರ್ಥಿಗಳಿಗೆಲ್ಲ ಗೊತ್ತಿರುವ ಡಿಸ್ಪ್ಯಾಚ್ ಒಂದೇ, 1854ರ ಜುಲೈ 19ರ ವುಡ್ಸ್ ಡೆಸ್ಪ್ಯಾಚ್. ಬೋರ್ಡ್ ಆಫ್ ಕಂಟ್ರೋಲಿನ ಅಧ್ಯಕ್ಷ ಚಾರ್ಲ್ಸ್ ವುಡ್ ಹೆಸರಿನ ಈ ಪತ್ರದಲ್ಲಿ ನೂರರಷ್ಟು ಪರಿಚ್ಛೇದಗಳಿವೆ. ಪ್ರತಿ ಪ್ರಾಂತಕ್ಕೂ ಶಿಕ್ಷಣ ಇಲಾಖೆ, ವಿಶ್ವವಿದ್ಯಾಲಯಗಳ ಸ್ಥಾಪನೆ, ಖಾಸಗಿ ಶಾಲೆಗಳಿಗೆ ಸಹಾಯಧನ, ಕೆಳಹಂತದಲ್ಲಿ ದೇಶಭಾಷೆಯ ಶಿಕ್ಷಣ ಇವು ಅದರ ಮುಖ್ಯ ಅಂಶಗಳು. ಇದರ ಬೆನ್ನಿಗೇ ಮೈಸೂರಿನಲ್ಲಿ ಸಾರ್ವಜನಿಕ ಶಿಕ್ಷಣ ಇಲಾಖೆ ತೆರೆಯಿತು. 1858ರಲ್ಲಿ ಬೆಂಗಳೂರಿನಲ್ಲಿ ಜಾನ್ ಗ್ಯಾರೆಟ್ ಅವರ ಮುಖ್ಯಸ್ಥಿಕೆಯಲ್ಲಿ ಆರಂಭವಾದ ಹೈಸ್ಕೂಲು ಮುಂದೆ ಸೆಂಟ್ರಲ್ ಕಾಲೇಜಾಯಿತು. ಪಠ್ಯಪುಸ್ತಕಗಳು ವುಡ್‌ನ ಪತ್ರವನ್ನು ಭಾರತೀಯ ಶಿಕ್ಷಣದ ಮ್ಯಾಗ್ನಾ ಕಾರ್ಟಾ ಎಂದು ಹೊಗಳುತ್ತವೆ. ಹೊಗಳಿಕೆ ಅತಿಯಾಯಿತು ಎಂದೇ ಹೇಳಬೇಕು: ದೇಶಭಾಷೆಗಳ ಬಗ್ಗೆ ಅದರಲ್ಲಿದ್ದ ಮಾತು ಬಹುಪಾಲು ಕಾಗದದ ಮೇಲೆ ನಿಂತಿತು, ಇಂಗ್ಲಿಷಿನ ಬಗ್ಗೆ ಇದ್ದ ಮಾತು ಮಾತ್ರ ಮೊದಲು ಜಾರಿಗೆ ಬಂತು.

ಮೈಸೂರಿನ ಪಾಲಿಗೆ ನಿಜವಾಗಿ ಬದುಕಿನ ಪ್ರಶ್ನೆಯಾಗಿದ್ದ ಡಿಸ್ಪ್ಯಾಚ್ ಇನ್ನೊಂದಿದೆ; ಶಾಲೆಯ ಪುಸ್ತಕಗಳು ಅದನ್ನು ಅಷ್ಟಾಗಿ ಹೇಳುವುದಿಲ್ಲ. 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತ ಕಿತ್ತುಕೊಂಡು ಕಮಿಷನರುಗಳ ಕೈಗಿತ್ತರು. ರಾಜ್ಯ ಮರಳಿ ಕೊಡಿ ಎಂದು ಮಹಾರಾಜರು ದಶಕಗಳ ಕಾಲ ಬರೆದ ಪತ್ರಗಳಿಗೆಲ್ಲ ನಕಾರದ ಉತ್ತರವೇ ಬಂತು. ಲಂಡನ್ನಿನ ಸರ್ಕಾರದಲ್ಲಿ ಭಾರತದ ವ್ಯವಹಾರ ನೋಡುವ ಭಾರತ ಮಂತ್ರಿಯಾಗಿ ಹಾಗೆ ನಿರಾಕರಿಸಿದವರಲ್ಲಿ ಶಿಕ್ಷಣದ ಪತ್ರ ಬರೆದ ಅದೇ ಚಾರ್ಲ್ಸ್ ವುಡ್ ಕೂಡ ಇದ್ದ. ಮಹಾರಾಜರಿಗೆ ಗಂಡುಮಕ್ಕಳಿರಲಿಲ್ಲ. ಅವರ ನಂತರ ಮೈಸೂರನ್ನು ಬ್ರಿಟಿಷ್ ಭಾರತಕ್ಕೆ ಸೇರಿಸಿಬಿಡುವ ಯೋಚನೆ ಬಲವಾಗಿತ್ತು. 1865ರ ಜೂನ್‌ನಲ್ಲಿ ಮಹಾರಾಜರು ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು, ಸರ್ಕಾರ ಒಪ್ಪಲಿಲ್ಲ. ಕೊನೆಗೆ 1867ರ ಏಪ್ರಿಲ್ 16ರಂದು ಹೊಸ ಭಾರತ ಮಂತ್ರಿ ಸ್ಟ್ಯಾಫರ್ಡ್ ನಾರ್ತ್‌ಕೋಟ್ ಕಳಿಸಿದ ಡಿಸ್ಪ್ಯಾಚಿನಲ್ಲಿ ಒಡೆಯರ ಮನೆತನವನ್ನು ಮೈಸೂರಿನ ಗದ್ದುಗೆಯ ಮೇಲೆ ಉಳಿಸುವ ನಿರ್ಧಾರ ಬಂತು. ಮುಂದಿನ ವರ್ಷ ಮಾರ್ಚಿಯಲ್ಲಿ ಮಹಾರಾಜರು ತೀರಿಕೊಂಡರು. ಅಂದರೆ ಆ ಪತ್ರ ಇನ್ನೊಂದು ವರ್ಷ ತಡವಾಗಿದ್ದರೆ ಏನಾಗುತ್ತಿತ್ತು ಎಂಬುದನ್ನು ಓದುಗರೇ ಊಹಿಸಬಹುದು. 1881ರ ಮಾರ್ಚಿ 25ರಂದು ರಾಜ್ಯ ಚಾಮರಾಜೇಂದ್ರರ ಕೈಗೆ ಮರಳಿತು. ಆಮೇಲಿನ ಪ್ರಜಾಪ್ರತಿನಿಧಿ ಸಭೆ, ಶಿವನಸಮುದ್ರದ ವಿದ್ಯುತ್ತು, ಮೈಸೂರು ವಿಶ್ವವಿದ್ಯಾಲಯ ಎಲ್ಲವೂ ಆ ಒಂದು ಓಲೆಯ ಈಚೆಗಿನವು. ಗಮನಿಸಿ, 1865ಕ್ಕೇ ಲಂಡನ್ನಿಗೂ ಭಾರತಕ್ಕೂ ತಂತಿ ಸಂಪರ್ಕ ಏರ್ಪಟ್ಟಿತ್ತು. ಆದರೂ ಇಂಥ ನಿರ್ಧಾರ ತಂತಿಯಲ್ಲಿ ಬರಲಿಲ್ಲ. ಪರಿಚ್ಛೇದ ಹಾಕಿ, ಕಾರಣ ಬಿಡಿಸಿ, ಸಹಿ ಮಾಡಿದ ಕಾಗದದಲ್ಲೇ ಬಂತು. ತಂತಿ ಬಂದ ಮೇಲೂ ಡಿಸ್ಪ್ಯಾಚಿನ ತೂಕ ಕಡಿಮೆಯಾಗದಿದ್ದುದಕ್ಕೆ ಕಾರಣ ಇದು.

ತಂತಿಯಲ್ಲಿ ಬಂದ ಡಿಸ್ಪ್ಯಾಚ್ ಎಂಥ ಅನಾಹುತ ಮಾಡಬಲ್ಲದು ಎಂಬುದಕ್ಕೆ ಯೂರೋಪಿನಲ್ಲಿ ಉದಾಹರಣೆ ಇದೆ. 1870ರ ಜುಲೈ 13ರಂದು ಎಮ್ಸ್ ಎಂಬ ಊರಿನಿಂದ ಬಂದ ತಂತಿಯನ್ನು ಪ್ರಷ್ಯದ ಪ್ರಧಾನಿ ಬಿಸ್ಮಾರ್ಕ್ ಮೊಟಕುಗೊಳಿಸಿ ಪತ್ರಿಕೆಗಳಿಗೆ ಕೊಟ್ಟ. ಅವನು ಹೆಚ್ಚಾಗಿ ಮಾಡಿದ್ದು ಕತ್ತರಿಸುವ ಕೆಲಸ. ಮಾತಿನ ಧಾಟಿ ಒರಟಾಯಿತು. ಆರು ದಿನಗಳಲ್ಲಿ ಫ್ರಾನ್ಸ್ ಯುದ್ಧ ಸಾರಿತು.

ಸೇನೆಯಲ್ಲಿ ಡಿಸ್ಪ್ಯಾಚ್ ಎಂದರೆ ಕಾಳಗ ಮುಗಿದ ಮೇಲೆ ಸೇನಾಪತಿ ಸರ್ಕಾರಕ್ಕೆ ಬರೆಯುವ ವರದಿ. ಅದರಲ್ಲಿ ಪರಾಕ್ರಮ ತೋರಿದವರ ಹೆಸರು ಬಂದರೆ ಅದೇ ಒಂದು ಗೌರವ. ಬೆಂಗಳೂರು ದಂಡಿನ 4ನೇ ಹುಸಾರ್ಸ್ ಪಡೆಯಲ್ಲಿ 1896ರಿಂದ ಇದ್ದ ಎಳೆಯ ಅಧಿಕಾರಿ ವಿನ್‌ಸ್ಟನ್ ಚರ್ಚಿಲ್ ಆ ಹೆಸರಿಗಾಗಿ ಹಂಬಲಿಸುತ್ತಿದ್ದ. 1897ರಲ್ಲಿ ರಜೆ ಪಡೆದು, ರೈಲು ಹತ್ತಿ ವಾಯವ್ಯ ಗಡಿಯ ಮಲಕಂಡ್ ಕಾಳಗಕ್ಕೆ ಹೋದ; ‘ಪಯೊನಿಯರ್’ ಮತ್ತು ‘ಡೈಲಿ ಟೆಲಿಗ್ರಾಫ್’ ಪತ್ರಿಕೆಗಳಿಗೆ ಅಲ್ಲಿಂದ ವರದಿ ಕಳಿಸಿದ; ಸೇನೆಯ ವರದಿಯಲ್ಲೂ ತನ್ನ ಹೆಸರು ಬರುವಂತೆ ಕಾದಿದ. ಪದದ ಎರಡೂ ಅರ್ಥಗಳಲ್ಲಿ ಡಿಸ್ಪ್ಯಾಚ್ ಅವನಿಗೆ ದಕ್ಕಿತು.

ನಮ್ಮವರ ಹೆಸರು ಬಂದದ್ದು 1918ರಲ್ಲಿ. ಆ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಊರನ್ನು ಮೈಸೂರು ಮತ್ತು ಜೋಧಪುರ ಲ್ಯಾನ್ಸರ್ಸ್ ಕುದುರೆ ಪಡೆಗಳು ಗೆದ್ದವು. ಎದುರಿಗೆ ಫಿರಂಗಿ, ಮೆಷಿನ್ ಗನ್ನು. ಇವರ ಕೈಯಲ್ಲಿ ಭರ್ಜಿ. ದಂಡನಾಯಕ ಆಲನ್‌ಬಿ ಸರ್ಕಾರಕ್ಕೆ ಕಳಿಸಿದ ಡಿಸ್ಪ್ಯಾಚಿನಲ್ಲಿ ಕಾರ್ಮೆಲ್ ಬೆಟ್ಟದ ಕಡಿದಾದ ಇಳಿಜಾರನ್ನು ಮೈಸೂರಿನವರು ತೆರವು ಮಾಡುತ್ತಿದ್ದಂತೆ ಜೋಧಪುರದವರು ಊರೊಳಗೆ ನುಗ್ಗಿದ ವಿವರವಿದೆ. ಮೈಸೂರು ಪಡೆಯ ಸ್ಮಾರಕ ಆರ್.ಟಿ. ನಗರಕ್ಕೆ ಹತ್ತಿರದ ಜೆ.ಸಿ. ನಗರದಲ್ಲಿದೆ. ದೂರದ ಮರಳಿನಲ್ಲಿ ಪ್ರಾಣ ಬಿಟ್ಟವರಿಗಾಗಿ ನಿಲ್ಲಿಸಿದ ಕಲ್ಲು ಅದು. ಬಳ್ಳಾರಿ ರಸ್ತೆಯ ಮೇಲೆ ದಿನವೂ ವಿಮಾನ ನಿಲ್ದಾಣಕ್ಕೆ ಓಡುವ ಸಾವಿರಾರು ಜನರಲ್ಲಿ ಒಂದು ತಿರುವು ತಿರುಗಿ ಅದನ್ನು ನೋಡಿಬಂದವರು ಎಷ್ಟು ಮಂದಿಯೋ. ದೆಹಲಿಯ ತೀನ್ ಮೂರ್ತಿಯ ಮೂರು ಸವಾರರಲ್ಲಿ ಒಬ್ಬ ಈ ಮೈಸೂರಿನವನು.

ಬ್ರಿಟನ್ನಿನಲ್ಲಿ ಹೀಗೆ ಹೆಸರು ಪಡೆದವರು ಪದಕದ ಪಟ್ಟಿಯ ಮೇಲೆ ಓಕ್ ಮರದ ಎಲೆಯ ಗುರುತು ಧರಿಸುತ್ತಿದ್ದರು. ಸ್ವತಂತ್ರ ಭಾರತ ಈ ಗೌರವವನ್ನು ಹೆಸರು ಬದಲಿಸದೆ ಉಳಿಸಿಕೊಂಡಿತು. ‘ಮೆನ್ಷನ್ ಇನ್ ಡೆಸ್ಪ್ಯಾಚಸ್’ ಎಂದೇ, ಜಾನ್ಸನ್ನನ ‘ಡೆ’ಕಾರದಲ್ಲೇ, ಅದು ಗೆಜೆಟ್ಟಿನಲ್ಲಿ ಪ್ರಕಟವಾಗುತ್ತದೆ; ಗುರುತು ಮಾತ್ರ ಕಮಲದ ಎಲೆಯಾಗಿದೆ. 1963ರಲ್ಲಿ ಸ್ಥಾಪನೆಯಾದ ಯಲಹಂಕದ ವಾಯುನೆಲೆ, ಅದರ ಸುತ್ತ ನೆಲೆಸಿರುವ ನಿವೃತ್ತ ಸೈನಿಕರ ಮನೆಗಳು ಇರುವ ಈ ಕಡೆ ಆ ಮಾತು ಕಚೇರಿಯ ಡಿಸ್ಪ್ಯಾಚಿಗಿಂತ ಬೇರೆಯದೇ ಗಾಂಭೀರ್ಯದಲ್ಲಿ ಕೇಳಿಸುತ್ತದೆ.

ಹೆಸರನ್ನು ವರದಿಯಲ್ಲಿ ಬರೆಸಿ ಗೌರವಿಸುವ ಪದ್ಧತಿ ಈ ನೆಲಕ್ಕೆ ಹೊಸದಲ್ಲ. 2018ರಲ್ಲಿ ಹೆಬ್ಬಾಳದಲ್ಲಿ ಸಿಕ್ಕಿದ ವೀರಗಲ್ಲು ಸುಮಾರು ಕ್ರಿ.ಶ. 750ರದು, ಗಂಗ ದೊರೆ ಶ್ರೀಪುರುಷನ ಕಾಲದ್ದು; ಬೆಂಗಳೂರು ನಗರದಲ್ಲಿ ದೊರೆತ ಕನ್ನಡ ಶಾಸನಗಳಲ್ಲಿ ಅತ್ಯಂತ ಹಳೆಯದು. ಪೆರ್ಬೊಳಲು ನಾಡಿನ ಮೇಲೆ ಬಂದ ರಾಷ್ಟ್ರಕೂಟರ ದಾಳಿಯನ್ನು ಎದುರಿಸಿ ಮಡಿದ ಕಿತ್ತಯ್ಯನ ಹೆಸರು ಅದರಲ್ಲಿದೆ. ಪೆರ್ಬೊಳಲು ಎಂಬುದೇ ಇಂದಿನ ಹೆಬ್ಬಾಳ. ಯಾವ ಕಾಳಗ, ಯಾರ ವಿರುದ್ಧ, ಸತ್ತವನು ಯಾರು: ಸೇನಾ ವರದಿಯಲ್ಲಿ ಇರಬೇಕಾದದ್ದೆಲ್ಲ ಆ ಕಲ್ಲಿನಲ್ಲಿದೆ. ಆದರೆ ಅದನ್ನು ಬರೆಸಿದ್ದು ರಾಜಧಾನಿಯ ಓದಿಗಾಗಿ ಅಲ್ಲ, ಊರಿನವರ ಕಣ್ಣೆದುರು ಇರಲೆಂದು. ಆಲನ್‌ಬಿಯ ಕಾಗದಕ್ಕೂ ಕಿತ್ತಯ್ಯನ ಕಲ್ಲಿಗೂ ಇರುವ ನಿಜವಾದ ಅಂತರ ಇದು. ಒಂದು ಮೇಲಕ್ಕೆ ಹೋಯಿತು, ಇನ್ನೊಂದು ಊರಿನಲ್ಲೇ ನಿಂತಿತು.

ಪತ್ರಿಕೆಗಳ ಲೋಕದಲ್ಲಿ ಪದದ ಬಳಕೆ ಸರಳ. ದೂರದ ಊರಿನಿಂದ ವರದಿಗಾರ ಕಳಿಸಿದ ಬರಹ ಡಿಸ್ಪ್ಯಾಚ್. ಅಮೆರಿಕದ ಕೆಲವು ಪತ್ರಿಕೆಗಳು ಅದನ್ನೇ ಹೆಸರಾಗಿಸಿಕೊಂಡವು. ಹಳೆಯ ಕನ್ನಡ ಪತ್ರಿಕೆಗಳು ‘ನಮ್ಮ ಬಾತ್ಮೀದಾರರಿಂದ’ ಎನ್ನುತ್ತಿದ್ದವು. ಇಂಥ ವರದಿಗಳನ್ನು ಹೊತ್ತು ತರುತ್ತಿದ್ದ ತಂತಿ ಸೇವೆ ಭಾರತದಲ್ಲಿ 2013ರ ಜುಲೈ ನಡುವಿನಲ್ಲಿ ನಿಂತುಹೋಯಿತು.

ಈಗ ಕಚೇರಿಗೆ ಬರೋಣ. ಕನ್ನಡದ ಮಟ್ಟಿಗೆ ಪದ ನಿಜವಾಗಿ ಬದುಕಿರುವುದು ಇಲ್ಲಿ. 1963ರ ರಾಜಭಾಷಾ ಕಾಯ್ದೆ ಕನ್ನಡವನ್ನು ರಾಜ್ಯದ ಆಡಳಿತ ಭಾಷೆ ಎಂದು ಸಾರಿತು. ಅನಂತಸುಬ್ಬರಾಯರು ರೂಪಿಸಿದ ಕೀಲಿಮಣೆಯಿಂದ ಕನ್ನಡದ ಬೆರಳಚ್ಚು ಕಚೇರಿಗಳಿಗೆ ಬಂತು, ಆಮೇಲೆ ‘ನುಡಿ’ ತಂತ್ರಾಂಶ ಬಂತು. ಇಂಗ್ಲಿಷಿನ ಒಂದೊಂದು ಬಗೆಯ ಪತ್ರಕ್ಕೂ ಕನ್ನಡ ಹೆಸರು ನೆಲೆಗೊಂಡಿತು: ಸುತ್ತೋಲೆ, ಅಧಿಸೂಚನೆ, ಅಧಿಕೃತ ಜ್ಞಾಪನ, ಅರೆ ಸರ್ಕಾರಿ ಪತ್ರ, ನೆನಪೋಲೆ. ಸರ್ಕಾರಿ ಆದೇಶದ ತಲೆಯ ಮೇಲೆ ‘ಕರ್ನಾಟಕ ಸರ್ಕಾರದ ನಡವಳಿಗಳು’ ಎಂದಿರುತ್ತದೆ. ಇವುಗಳಲ್ಲಿ ಅತ್ಯಂತ ಸೊಗಸಾದದ್ದು ಹಿಂಬರಹ. ಅರ್ಜಿಯ ಹಿಂಬದಿಯಲ್ಲೇ ಉತ್ತರ ಬರೆದುಕೊಡುತ್ತಿದ್ದ ಕಾಲದ ಪದ. ಈಗ ಬೇರೆ ಹಾಳೆಯಲ್ಲಿ ಟೈಪಾಗಿ ಬಂದರೂ ಹೆಸರು ಹಾಗೆಯೇ ಇದೆ. ಜನರಿಗೆ ಸರ್ಕಾರ ಕೊಡುವ ಉತ್ತರಗಳಲ್ಲಿ ಇಷ್ಟು ಪರಿಚಿತವಾದದ್ದು ಇನ್ನೊಂದಿಲ್ಲ.

ಇಷ್ಟೆಲ್ಲ ಕನ್ನಡವಾದರೂ ಪತ್ರದ ಪಯಣದ ಕೊನೆಯ ಮೇಜು ಡಿಸ್ಪ್ಯಾಚ್ ಆಗಿಯೇ ಉಳಿಯಿತು. ನಿಘಂಟುಗಳು ‘ರವಾನೆ’ ಎನ್ನುತ್ತವೆ, ಅದೂ ಪರ್ಷಿಯನ್ನಿನಿಂದ ಬಂದದ್ದು. ‘ರವಾನೆ ಶಾಖೆ’ ಎಂದು ಫಲಕ ಬರೆಸಿದರೂ ಬಾಯಲ್ಲಿ ಬರುವುದು ಡಿಸ್ಪ್ಯಾಚ್ ಸೆಕ್ಷನ್. ವಿಷಯ ನಿರ್ವಾಹಕರು ಕಡತ ಮಂಡಿಸುತ್ತಾರೆ, ಶಿರಸ್ತೇದಾರರು ನೋಡುತ್ತಾರೆ, ತಹಶೀಲ್ದಾರರ ಸಹಿಯಾಗುತ್ತದೆ, ಕಚೇರಿ ಪ್ರತಿ ಕಡತದಲ್ಲಿ ನಿಲ್ಲುತ್ತದೆ, ಮೂಲ ಪ್ರತಿ ಹೊರಡುತ್ತದೆ. ಹೊರಡುವ ಮುನ್ನ ವಹಿಯಲ್ಲಿ ನಮೂದಾಗಿ ಸಂಖ್ಯೆ, ತಾರೀಖು ಬೀಳಬೇಕು. ಅಂಚೆಯಲ್ಲಿ ಹೋಗಬಹುದು, ದಲಾಯತರ ಕೈಯಲ್ಲಿ ಟಪಾಲು ವಹಿಯೊಂದಿಗೆ ಹೋಗಬಹುದು. ತುರ್ತಾಗಿದ್ದರೆ ‘ಮುದ್ದಾಂ’, ಅಂದರೆ ಖುದ್ದಾಗಿ ಕೈಗೆ ತಲುಪಿಸುವುದು. ಸಹಿಯಾದ ಕಾಗದ ಈ ಮೇಜಿನ ಮೇಲೆ ಮಲಗಿದಷ್ಟು ದಿನವೂ ಅರ್ಜಿದಾರನ ಪಾಲಿಗೆ ಅದು ಇಲ್ಲದ ಕಾಗದ.

ನ್ಯಾಯಾಲಯಗಳೂ ಇದನ್ನೇ ಹೇಳಿವೆ. ಕಡತದಲ್ಲಿ ಮಂತ್ರಿ ಬರೆದ ಟಿಪ್ಪಣಿ, ಸಂಬಂಧಪಟ್ಟವರಿಗೆ ತಿಳಿಸುವ ತನಕ, ಆದೇಶವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು 1962ರ ಬಚ್ಚಿತ್ತರ್ ಸಿಂಗ್ ಪ್ರಕರಣದಲ್ಲಿ ತೀರ್ಮಾನಿಸಿತು. ವಜಾ ಮಾಡಿದ ಆದೇಶ ಕಡತದಲ್ಲೇ ಕೂತಿದ್ದರೆ ಅದಕ್ಕೆ ಜೀವವಿಲ್ಲ ಎಂಬುದು 1966ರ ಅಮರ್ ಸಿಂಗ್ ಹರೀಕಾ ಪ್ರಕರಣದ ಸಾರ. 1969ರಲ್ಲಿ ಖೇಮಿ ರಾಮ್ ಪ್ರಕರಣ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ನೌಕರನ ಅಮಾನತಿನ ಆದೇಶ ಕಚೇರಿಯ ಕೈದಾಟಿ ಹೊರಟಿತೆಂದರೆ ಅದು ಜಾರಿಯಾದಂತೆ, ಅವನ ಕೈಗೆ ಯಾವಾಗ ಸಿಕ್ಕಿತು ಎಂಬುದು ಮುಖ್ಯವಲ್ಲ. ಹೊರಟ ಮೇಲೆ ಅಧಿಕಾರಿ ಅದನ್ನು ತಿದ್ದಲಾರ, ಬದಲಾಯಿಸಲಾರ ಎಂಬುದೇ ಕಾರಣ. ರೈತ ಕೇಳುವ ‘ಡಿಸ್ಪ್ಯಾಚ್ ಆಯ್ತಾ?’ ಎಂಬ ಪ್ರಶ್ನೆಯಲ್ಲಿ ಈ ಕಾನೂನೆಲ್ಲ ಅಡಗಿದೆ. ಆ ಸಂಖ್ಯೆಯನ್ನು ಚೀಟಿಯಲ್ಲಿ ಬರೆಸಿಕೊಂಡು ಜೇಬಿಗೆ ಇಟ್ಟುಕೊಳ್ಳುವ ಮುದುಕರು ತಮ್ಮ ಹಕ್ಕನ್ನು ಸರಿಯಾಗಿಯೇ ತಿಳಿದವರು. ಹೇಗೋ ಕಲಿತ ಆ ಪಾಠ ಅವರನ್ನು ಎಷ್ಟೋ ಸಲ ಕಾಪಾಡಿದೆ.

2011ರ ಸಕಾಲ ಕಾಯ್ದೆ ಈ ಚೀಟಿಗೆ ಕಾನೂನಿನ ರೂಪ ಕೊಟ್ಟಿತು ಎನ್ನಬಹುದು. ಅರ್ಜಿ ಕೊಟ್ಟ ಕೂಡಲೇ 15 ಅಂಕಿಯ ಸಂಖ್ಯೆ ಸಿಗುತ್ತದೆ, ಎಷ್ಟು ದಿನದೊಳಗೆ ಉತ್ತರ ಕೊಡಬೇಕೆಂಬುದೂ ನಿಗದಿಯಾಗಿರುತ್ತದೆ. ಇ-ಆಫೀಸ್ ಬಂದ ಕಚೇರಿಗಳಲ್ಲಿ ಡಿಜಿಟಲ್ ಸಹಿ ಬಿದ್ದ ಪತ್ರ ಕಂಪ್ಯೂಟರಿನಿಂದಲೇ ಹೊರಡುತ್ತದೆ. ಪರದೆಯ ಮೇಲಿನ ಆ ಗುಂಡಿಯ ಹೆಸರೂ ಡಿಸ್ಪ್ಯಾಚ್.

ಕಚೇರಿಯ ಆಚೆ ಪದ ಬೇರೆ ಕೆಲಸ ಹಿಡಿದಿದೆ. 112ಕ್ಕೆ ಕರೆ ಮಾಡಿದರೆ ನಿಯಂತ್ರಣ ಕೊಠಡಿಯವರು ಹತ್ತಿರದ ಹೊಯ್ಸಳ ವಾಹನವನ್ನು ‘ಡಿಸ್ಪ್ಯಾಚ್’ ಮಾಡುತ್ತಾರೆ. ಇಲ್ಲಿ ಹೋಗುವುದು ಕಾಗದವಲ್ಲ, ಪೊಲೀಸರು. ಯಲಹಂಕ ನಾಡಿಗೆ ತೆರಿಗೆ ಬಿಟ್ಟ ಓಲೆ ಕಳಿಸಿದ ರಾಜವಂಶದ ಹೆಸರು ಆ ವಾಹನಕ್ಕೆ ಬಂದಿರುವುದು ಕಾಕತಾಳೀಯ. ಪೀಣ್ಯದ ಕಾರ್ಖಾನೆಗಳಲ್ಲಿ ಡಿಸ್ಪ್ಯಾಚ್ ಎಂದರೆ ತಯಾರಾದ ಮಾಲು ಗೇಟು ದಾಟುವ ವಿಭಾಗ. ಯಶವಂತಪುರದ ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಈರುಳ್ಳಿ, ಆಲೂಗಡ್ಡೆ ಮೂಟೆಗಳ ನಡುವೆ ಮಾತ್ರ ಹಳೆಯ ಪದವೇ ಗೆದ್ದಿದೆ. ಅಲ್ಲಿನ ಹಮಾಲರು ಲಾರಿ ತುಂಬಿ ಹಗ್ಗ ಬಿಗಿದ ಮೇಲೆ ‘ಲೋಡು ರವಾನೆ ಆಯ್ತು’ ಎನ್ನುತ್ತಾರೆ.